ಹಿಂಗಾರಿಗೆ ಮುನ್ನ ವೈಪರ್ ಮೋಟರು

ಕೋಲಾರ ಸೀಮೆಯಲ್ಲಿ ಹಳೇ ಕಾರಿನ ವೈಪರು ಕೆಡುವುದು ದುಡಿದು ಅಲ್ಲ, ಕೂತು. ಮಂಗಳೂರು, ಆಗುಂಬೆಗಳ ಕಡೆ ಮಳೆಗಾಲವಿಡೀ ಗಾಜು ಒರೆಸಿ ಸವೆದ ಮೋಟರು ಸಿಗುತ್ತದೆ, ತುಕ್ಕು ತಿಂದದ್ದೂ ಸಿಗುತ್ತದೆ. ಈ ಕಡೆಯ ಕಥೆ ಬೇರೆ. ವರ್ಷಪೂರ್ತಿ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಬರುವ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಉಳಿದ ದಿನಗಳಲ್ಲಿ ವೈಪರಿನ ಗುಂಡಿಯನ್ನು ಮುಟ್ಟುವವರಿಲ್ಲ. ಬಿಸಿಲಿಗೆ ನಿಂತ ಕಾರಿನೊಳಗೆ ಗ್ರೀಸು ಗಟ್ಟಿಯಾಗುತ್ತದೆ, ರಬ್ಬರು ಸೀಳುತ್ತದೆ, ಸ್ವಿಚ್ಚಿನ ತಾಮ್ರದ ಮೇಲೆ ಕಪ್ಪು ಪದರ ಕೂರುತ್ತದೆ. ಇದೆಲ್ಲ ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ.

ಆಮೇಲೆ ಒಂದು ಸಂಜೆ ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೊರಟಾಗ ದಾರಿಯಲ್ಲಿ ಮಳೆ ಹಿಡಿಯುತ್ತದೆ. ಗುಂಡಿ ಎಳೆದರೆ ವೈಪರು ಅರ್ಧ ಗಾಜಿನವರೆಗೆ ಏರಿ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಮಿಸುಕುವುದೇ ಇಲ್ಲ. ಮಾರನೆಯ ದಿನ ಗ್ಯಾರೇಜಿನಲ್ಲಿ ತೀರ್ಪು ಸಿದ್ಧವಾಗಿರುತ್ತದೆ: "ಮೋಟ್ರು ಹೋಗಿದೆ ಸಾರ್, ಬೇರೆ ಹಾಕ್ಬೇಕು."

ಆ ಮಾತು ಎಷ್ಟೋ ಸಲ ಸರಿಯಲ್ಲ. ಐವತ್ತು, ಅರವತ್ತು ವರ್ಷ ಹಿಂದಿನ ವೈಪರ್ ಮೋಟರುಗಳನ್ನು ಬಿಚ್ಚಿ ತೊಳೆದು ರಿಪೇರಿ ಮಾಡಲೆಂದೇ ಕಟ್ಟಿದ್ದರು. ಒಳಗಿನ ತಾಮ್ರದ ಸುರುಳಿ ನಿಜವಾಗಿ ಸುಟ್ಟುಹೋಗುವುದಕ್ಕೆ ಮೊದಲು ಕೆಡಬಹುದಾದದ್ದು ಬೇಕಾದಷ್ಟಿದೆ. ಅರ್ತ್ ಕೈಕೊಡಬಹುದು, ಬ್ರಷ್ಷು ಸವೆಯಬಹುದು, ಗ್ರೀಸು ಒಣಗಬಹುದು, ಸ್ವಿಚ್ಚು ಕೊಳೆಯಾಗಬಹುದು. ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕಂಡುಹಿಡಿಯುವುದು ಕಷ್ಟ. ಮೋಟರನ್ನೂ ಸ್ವಿಚ್ಚನ್ನೂ ಕಳಚಿ ತಂದು ಬೆಂಚಿನ ಮೇಲೆ ಇಟ್ಟು, ಪಕ್ಕದಲ್ಲಿ 12 ವೋಲ್ಟಿನ ಬ್ಯಾಟರಿ ಇಟ್ಟುಕೊಂಡರೆ ವಿಷಯ ಬೆಳಕಿಗೆ ಬರುತ್ತದೆ.

ಪರೀಕ್ಷೆ ಮಾಡದೆ ಯಂತ್ರವನ್ನು ನಂಬಬಾರದು, ಪರೀಕ್ಷೆ ಮಾಡದೆ ಅದನ್ನು ಬಿಸಾಡಲೂಬಾರದು. ಈ ಪಾಠವನ್ನು ಕೆ.ಜಿ.ಎಫ್. ಊರಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಚಿನ್ನದ ಗಣಿಗಳ ಆಡಳಿತ ಹಿಡಿದ ಮೇಲೆ ಈ ನೆಲದಲ್ಲಿ ಯಂತ್ರದ ಸದ್ದು ನಿಂತಿರಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗೆ ತಲುಪಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದಕ್ಕೆ ಜಾಗವಿತ್ತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಈ ಊರಿನ ಕೆಲಸಗಾರರ ಕೈ ಕರೆಂಟಿನ ಮೋಟರಿನ ಮೇಲಿತ್ತು.

ಕರೆಂಟು ಕೆ.ಜಿ.ಎಫ್.ಗೆ ಬಂದ ಮರುವರ್ಷ, 1903ರ ನವೆಂಬರ್ 10ರಂದು, ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆಗೆ ಗಾಜು ಒರೆಸುವ ಉಪಕರಣದ ಪೇಟೆಂಟು ಸಿಕ್ಕಿತು. ನ್ಯೂಯಾರ್ಕಿನ ಚಳಿಗಾಲದಲ್ಲಿ ಟ್ರಾಮಿನ ಚಾಲಕ ಮುಂದಿನ ಗಾಜಿನ ಮೇಲೆ ಕೂತ ಹಿಮದಿಂದ ಪಡುತ್ತಿದ್ದ ಪಾಡು ನೋಡಿ ಆಕೆಗೆ ಹೊಳೆದದ್ದು ಅದು. ಒಳಗಿನಿಂದ ಕೈಯಲ್ಲಿ ಸನ್ನೆ ಎಳೆದರೆ ಹೊರಗೆ ರಬ್ಬರಿನ ಪಟ್ಟಿ ಗಾಜಿನ ಮೇಲೆ ಆಡುತ್ತಿತ್ತು. ಆಗ ಅದನ್ನು ಕೊಂಡು ತಯಾರಿಸಲು ಯಾರೂ ಮುಂದೆ ಬರಲಿಲ್ಲ. ಮುಂದೆ ಎಂಜಿನ್ನಿನ ಗಾಳಿ ಸೆಳೆತದಿಂದ ಓಡುವ ವೈಪರುಗಳು ಬಂದವು. ಅವು ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದಷ್ಟೂ ನಿಧಾನವಾಗುತ್ತಿದ್ದವು, ಏಕೆಂದರೆ ಎಂಜಿನ್ನಿನ ಸೆಳೆತ ಆಗಲೇ ಕುಗ್ಗುತ್ತದೆ. ಜರ್ಮನಿಯ ಬಾಷ್ ಕಂಪನಿ 1926ರಲ್ಲಿ ವಿದ್ಯುತ್ ಮೋಟರಿನ ವೈಪರನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ನಿನ ಮರ್ಜಿಗೆ ಕಾಯದ ವೈಪರು ಅದು.

ನಮ್ಮ ದೇಶದ ಹಳೇ ಕಾರುಗಳ ವಿದ್ಯುತ್ ಸಾಮಾನು ಬಹುಪಾಲು ಬ್ರಿಟನ್ನಿನ ಲೂಕಾಸ್ ಕಂಪನಿಯ ವಿನ್ಯಾಸದ ಹಾದಿಯಲ್ಲೇ ಬಂದದ್ದು. ಹಿಂದುಸ್ತಾನ್ ಅಂಬಾಸಿಡರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಮದರಾಸಿನಲ್ಲಿ ಜೋಡಣೆಯಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನ ಮೂಲ ಟ್ರಯಂಫ್ ಹೆರಾಲ್ಡ್. 1960ರ ದಶಕದ ಆರಂಭದಲ್ಲಿ ಮದರಾಸಿನ ಪಾಡಿಯಲ್ಲಿ ಲೂಕಾಸ್-ಟಿವಿಎಸ್ ಕಾರ್ಖಾನೆ ಶುರುವಾಯಿತು. ಸೆಲ್ಫು, ಡೈನಮೊ, ವೈಪರ್ ಮೋಟರು ಇಲ್ಲೇ ತಯಾರಾಗತೊಡಗಿದವು. ಬಂಗಾರಪೇಟೆ ಬೆಂಗಳೂರು-ಮದರಾಸು ರೈಲುದಾರಿಯ ಜಂಕ್ಷನ್ನು. ಒಂದು ಬದಿಗೆ ಪಾಡಿಯ ಕಾರ್ಖಾನೆ, ಇನ್ನೊಂದು ಬದಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ. ಹಳೇ ಕಾರು ಸಾಕುವವರಿಗೆ ಇದಕ್ಕಿಂತ ಅನುಕೂಲದ ಊರು ಬೇಕಿಲ್ಲ.

ಹಾಗಿದ್ದರೆ ಬೇರೊಂದು ಮೋಟರನ್ನೇ ತಂದು ಕೂರಿಸಬಾರದೇಕೆ? ಇದಕ್ಕೆ ಕಾನೂನಿನ ಕಡೆಯಿಂದಲೂ ಒಂದು ಉತ್ತರವಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ಸ್ವರೂಪದಲ್ಲೇ ಉಳಿದ, ಹೆಚ್ಚಿನ ಬದಲಾವಣೆಗೆ ಒಳಗಾಗದ ಖಾಸಗಿ ವಾಹನಕ್ಕೆ ಈ ಮಾನ್ಯತೆ. ಅದರ ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ, ನೋಂದಣಿ 10 ವರ್ಷ ಚಾಲ್ತಿಯಲ್ಲಿರುತ್ತದೆ. 1970ರ ದಶಕದ ಆರಂಭದ ಅಂಬಾಸಿಡರು, ಫಿಯಟ್ಟು, ಹೆರಾಲ್ಡುಗಳೆಲ್ಲ ಈಗ ಈ ವಯಸ್ಸು ದಾಟಿವೆ. ಆ ನೋಂದಣಿ ಬೇಡ, ಮಾಮೂಲಿ ಕೆಎ 08 ನಂಬರಿನಲ್ಲೇ ಓಡಿಸುತ್ತೇನೆ ಎಂದರೂ ವೈಪರಿನಿಂದ ವಿನಾಯಿತಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮವೇ ವೈಪರಿನ ಬಗ್ಗೆ ಇದೆ. ಮುಂದಿನ ಗಾಜಿರುವ ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ ವೈಪರು ಇರಲೇಬೇಕು.

ಕಾನೂನಿಗಿಂತ ದೊಡ್ಡ ಕಾರಣ ಮೋಟರಿನ ಮೈಮೇಲೇ ಇರುತ್ತದೆ. ಲೂಕಾಸ್ ಕಂಪನಿ ತನ್ನ ಬಿಡಿಭಾಗಗಳ ಕವಚದ ಮೇಲೆ ಭಾಗದ ಸಂಖ್ಯೆಯ ಜೊತೆಗೆ ತಯಾರಾದ ತಿಂಗಳು, ವರ್ಷವನ್ನೂ ಒತ್ತುತ್ತಿತ್ತು. ಆ ಅಂಕೆ ಕಾರಿನ ವಯಸ್ಸಿಗೆ ಹೊಂದಿಕೊಂಡರೆ ಕಾರ್ಖಾನೆಯಿಂದ ಬಂದ ದಿನದಿಂದ ಆ ಮೋಟರು ಅದೇ ಕಾರಿನಲ್ಲಿ ಇರುವ ಸಂಭವ ಹೆಚ್ಚು. ಅಂಥದ್ದನ್ನು ತೂಕಕ್ಕೆ ಹಾಕಿಬಿಟ್ಟರೆ ಮತ್ತೆ ಸಿಗುವುದಿಲ್ಲ.

ಇನ್ನು ಬೆಂಚಿಗೆ ಬರೋಣ. ಬೇಕಾದ ಸಾಮಾನು ಕಡಿಮೆ: ಚಾರ್ಜಾದ ಬ್ಯಾಟರಿ, 10 ಆಂಪಿಯರಿನ ಫ್ಯೂಸು, ಆಂಪಿಯರ್ ಅಳೆಯಬಲ್ಲ ಮೀಟರು, ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಒಂದು ಬಲ್ಬು, ನಾಲ್ಕಾರು ಕ್ಲಿಪ್ಪು ತಂತಿ, ವೈಸು. ವೈಸಿನ ಬಾಯಿಗೆ ಮರದ ಚಕ್ಕೆ ಕೊಟ್ಟು, ಮೋಟರಿನ ಗೇರು ಇರುವ ಅಲ್ಯುಮಿನಿಯಂ ಭಾಗವನ್ನು ಮೆಲ್ಲಗೆ ಹಿಡಿಸಬೇಕು. ಉರುಟು ಕವಚವನ್ನು ಅದುಮಬಾರದು. ಸುತ್ತಿಗೆಯ ಪೆಟ್ಟಂತೂ ಕೂಡದು, ಏಕೆಂದರೆ ಕೆಲವು ಮೋಟರುಗಳ ಒಳಗೆ ಶಾಶ್ವತ ಅಯಸ್ಕಾಂತ ಅಂಟಿಸಿರುತ್ತಾರೆ. ಅದು ಪೆಟ್ಟು ತಿಂದರೆ ಒಡೆಯುತ್ತದೆ.

ಒಳಗಿನ ರಚನೆಯನ್ನು ಮೊದಲು ಅರಿಯಬೇಕು. ಹಳೇ ಬ್ರಿಟಿಷ್ ಕಾರುಗಳಲ್ಲಿ, ಟ್ರಯಂಫ್ ಹೆರಾಲ್ಡಿನಲ್ಲೂ, ಬಳಸಿದ ಲೂಕಾಸ್ ಡಿಆರ್3ಎ ಒಂದೇ ವೇಗದ ಮೋಟರು. ಇದರಲ್ಲಿ ಅಯಸ್ಕಾಂತದ ಬದಲು ತಾಮ್ರದ ಫೀಲ್ಡ್ ಸುರುಳಿ ಇದೆ. ನಡುವೆ ಆರ್ಮೇಚರು, ಅದರ ಒಂದು ತುದಿಯಲ್ಲಿ ಕಮ್ಯುಟೇಟರು, ಅದಕ್ಕೆ ಒತ್ತಿಕೊಂಡ ಎರಡು ಕಾರ್ಬನ್ ಬ್ರಷ್ಷು. ಇನ್ನೊಂದು ತುದಿಯ ಸುರುಳಿಹಲ್ಲು ಒಂದು ಗೇರ್ ಚಕ್ರವನ್ನು ತಿರುಗಿಸುತ್ತದೆ. ಚಕ್ರಕ್ಕೆ ಕೂಡಿಸಿದ ಕಡ್ಡಿ ಹಿಂದೆ ಮುಂದೆ ಹೋಗುತ್ತ, ಉಕ್ಕಿನ ತಂತಿ ಸುತ್ತಿ ಹಲ್ಲು ಮಾಡಿದ ಒಂದು ಕೇಬಲ್ಲನ್ನು ಕೊಳವೆಯೊಳಗೆ ಎಳೆದು ತಳ್ಳುತ್ತದೆ. ಗಾಜಿನ ಕೆಳಗಿರುವ ಎರಡು ವೀಲ್ ಬಾಕ್ಸುಗಳ ಚಿಕ್ಕ ಗೇರುಗಳು ಆ ಹಲ್ಲಿಗೆ ಸಿಕ್ಕಿ ಅತ್ತಿತ್ತ ಹೊರಳುತ್ತವೆ. ವೈಪರಿನ ಕೈ ಆಡುವುದು ಹೀಗೆ.

ಮುಂದೆ ಬಂದ ಲೂಕಾಸ್ 14ಡಬ್ಲ್ಯು ಎರಡು ವೇಗದ್ದು. ಅದರಲ್ಲಿ ಶಾಶ್ವತ ಅಯಸ್ಕಾಂತವಿದೆ, ಬ್ರಷ್ಷು ಮೂರು. ಮೂರನೆಯ ಬ್ರಷ್ಷನ್ನು ತುಸು ಓರೆಯಾಗಿ ಕೂರಿಸಿದ್ದರಿಂದ ಅದರ ಮೂಲಕ ಕರೆಂಟು ಕೊಟ್ಟಾಗ ವೇಗ ಹೆಚ್ಚುತ್ತದೆ.

ಬೆಂಚಿನ ಮೇಲೆ ಈ ಎರಡರ ನಡತೆ ಬೇರೆ ಬೇರೆ. ಡಿಆರ್3ಎಗೆ ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಕೊಟ್ಟರೂ ಅದು ಒಂದೇ ಕಡೆಗೆ ತಿರುಗುತ್ತದೆ, ಏಕೆಂದರೆ ಫೀಲ್ಡೂ ಆರ್ಮೇಚರೂ ಒಟ್ಟಿಗೆ ದಿಕ್ಕು ಬದಲಿಸುತ್ತವೆ. ಶಾಶ್ವತ ಅಯಸ್ಕಾಂತದ ಮೋಟರು ಹಾಗಲ್ಲ. ತಂತಿ ಅದಲುಬದಲಾದರೆ ಹಿಂದು ಮುಂದಾಗಿ ತಿರುಗುತ್ತದೆ. 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಅರ್ತ್ ಆಗಿ ಜೋಡಿಸುತ್ತಿದ್ದದ್ದು ಬ್ಯಾಟರಿಯ ಪ್ಲಸ್ಸನ್ನು. ಆದ್ದರಿಂದ ಕಾರಿನ ಬ್ಯಾಟರಿ ಯಾವ ಕಡೆ ಅರ್ತ್ ಆಗಿದೆ ಎಂದು ಮೊದಲು ನೋಡಿ, ಮೋಟರಿನ ಜಾತಿ ತಿಳಿದು, ಆಮೇಲೆ ತಂತಿ ಮುಟ್ಟಿಸುವುದು ಕ್ಷೇಮ.

ಮೊದಲ ಸುತ್ತು ಬಲ್ಬಿನದು. ಬ್ಯಾಟರಿ, ಬಲ್ಬು, ಮೋಟರು ಮೂರನ್ನೂ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಬೇಕು. ಬಲ್ಬು ನಡುವೆ ಇರುವವರೆಗೆ ಏನೇ ಆದರೂ ಸುಮಾರು 1.75 ಆಂಪಿಯರಿಗಿಂತ ಹೆಚ್ಚು ಹರಿಯದು, ಸುಡುವ ಭಯವಿಲ್ಲ. ಬಲ್ಬು ಹೊತ್ತದೇ ಇದ್ದರೆ ದಾರಿ ಎಲ್ಲೋ ಪೂರ್ತಿ ತುಂಡಾಗಿದೆ. ಡಿಆರ್3ಎಯಲ್ಲಿ ಬಲ್ಬು ಮಂಕಾಗಿ ಉರಿದರೆ ಕರೆಂಟು ಬರೀ ಫೀಲ್ಡ್ ಸುರುಳಿಯಲ್ಲಿ ಹರಿಯುತ್ತಿದೆ, ಬ್ರಷ್ಷು ಕಮ್ಯುಟೇಟರಿಗೆ ಸರಿಯಾಗಿ ತಾಗುತ್ತಿಲ್ಲ ಎಂದು ಅನುಮಾನಿಸಬಹುದು. ಪ್ರಕಾಶವಾಗಿ ಉರಿದರೆ ಆರ್ಮೇಚರಿಗೂ ದಾರಿ ಇದೆ. ಆದರೆ ಅದೊಂದರಿಂದಲೇ ಶಾರ್ಟ್ ಎಂದು ತೀರ್ಮಾನಿಸಬಾರದು. ನಿಂತ ಆರ್ಮೇಚರಿನ ತಡೆ ಅರ್ಧ ಓಮಿಗಿಂತ ಕಡಿಮೆ, ಚೆನ್ನಾಗಿರುವ ಮೋಟರು ಕೂಡ ಆ ಗಳಿಗೆಯಲ್ಲಿ ಶಾರ್ಟಿನ ಹಾಗೇ ಕಾಣುತ್ತದೆ.

ಎರಡನೆಯ ಸುತ್ತಿಗೆ ಬಲ್ಬು ತೆಗೆದು ಅದರ ಜಾಗಕ್ಕೆ ಫ್ಯೂಸನ್ನೂ ಮೀಟರನ್ನೂ ಹಾಕಬೇಕು. ಕೇಬಲ್ಲಿನ ಭಾರವಿಲ್ಲದೆ ಮೋಟರು ಈಗ ತಿರುಗಬೇಕು. ಡಿಆರ್3ಎಯ ರಿಪೇರಿ ಕೈಪಿಡಿಗಳು ಹೇಳುವ ಲೆಕ್ಕ 2.7ರಿಂದ 3.4 ಆಂಪಿಯರ್, ನಿಮಿಷಕ್ಕೆ 45ರಿಂದ 50 ಸುತ್ತು. 14ಡಬ್ಲ್ಯು ಮೋಟರಿಗೆ ನಿಧಾನ ವೇಗದಲ್ಲಿ ಸುಮಾರು 1.5 ಆಂಪಿಯರ್, ಜೋರಿನಲ್ಲಿ 2. 14ಡಬ್ಲ್ಯುವಿನ ಈ ಲೆಕ್ಕ 13.5 ವೋಲ್ಟಿನದು, ಎಂದರೆ ಎಂಜಿನ್ ಓಡುತ್ತ ಬ್ಯಾಟರಿ ಚಾರ್ಜ್ ಆಗುವಾಗಿನದು. ಬೆಂಚಿನ ಬ್ಯಾಟರಿ ಚೆನ್ನಾಗಿದ್ದರೂ ಅದರಲ್ಲಿ 12.6 ವೋಲ್ಟು ಇರುತ್ತದೆ, ಆದ್ದರಿಂದ ವೇಗ ತುಸು ಕಡಿಮೆ ಬಂದರೆ ಗಾಬರಿ ಬೇಡ. ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತ ಕಡ್ಡಿ ಎಷ್ಟು ಸಲ ಹೋಗಿ ಬಂತೆಂದು ಎಣಿಸಿದರೆ ಸಾಕು.

ಅಂಕೆಗಳನ್ನು ಜೋಡಿಯಾಗಿ ಓದಬೇಕು. ಕರೆಂಟು ಹೆಚ್ಚು, ವೇಗ ಕಡಿಮೆ ಎಂದರೆ ಒಳಗೆ ಬಿಗಿತವಿದೆ: ಒಣಗಿದ ಗ್ರೀಸು, ಎಣ್ಣೆ ಕಾಣದ ಬುಷ್ಷು, ಇಲ್ಲವೇ ಆರ್ಮೇಚರಿನ ಸುರುಳಿಯಲ್ಲೇ ಶಾರ್ಟು. ಕರೆಂಟೂ ಕಡಿಮೆ, ವೇಗವೂ ಕಡಿಮೆ ಎಂದರೆ ಮೋಟರಿಗೆ ತಿನ್ನಲು ಸಿಗುತ್ತಿಲ್ಲ: ಸವೆದ ಬ್ರಷ್ಷು, ಕೊಳೆಯಾದ ಕಮ್ಯುಟೇಟರು, ಸಡಿಲ ತಂತಿ. ಕರೆಂಟು ಕೊಟ್ಟಾಗ ಸುಮ್ಮನಿದ್ದು, ಕೈಯಿಂದ ತುಸು ತಿರುಗಿಸಿದ ಮೇಲೆ ಓಡುವ ಮೋಟರಿನಲ್ಲಿ ಕಮ್ಯುಟೇಟರಿನ ಒಂದೆರಡು ಪಟ್ಟಿ ಸತ್ತಿರಬಹುದು. ಎರಡೇ ಅಂಕೆ ಗೊತ್ತಾದರೆ ಬಿಚ್ಚುವ ಮೊದಲೇ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ಬಿಚ್ಚುವ ಮುನ್ನ ಕವಚಕ್ಕೂ ಗೇರ್ ಪೆಟ್ಟಿಗೆಗೂ ಸೇರುವಂತೆ ಒಂದು ಗೀರು ಹಾಕಿಕೊಳ್ಳಬೇಕು. ಮತ್ತೆ ಕೂಡಿಸುವಾಗ ಕವಚ ಅದೇ ಕೋನಕ್ಕೆ ಕೂರಬೇಕು. ಅಯಸ್ಕಾಂತದ ಮೋಟರಿನಲ್ಲಿ ಇದು ತಪ್ಪಿದರೆ ತಿರುಗುವ ದಿಕ್ಕೇ ಬದಲಾಗಿಬಿಡುತ್ತದೆ. ಮುಚ್ಚಳ ತೆಗೆದಾಗ ಕೋಲಾರದ ಬಿಸಿಲು ಮಾಡಿದ ಕೆಲಸ ಕಣ್ಣಿಗೆ ಬೀಳುತ್ತದೆ. ಗೇರಿನ ಹಲ್ಲಿನ ನಡುವೆ ಗ್ರೀಸು ವರ್ಷ ಕಳೆದ ಹುಣಸೆಹಣ್ಣಿನ ಮುದ್ದೆಯಂತೆ ಕಪ್ಪಾಗಿ ಬಿಗಿದಿರುತ್ತದೆ. ಅದನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ಹಚ್ಚಬೇಕು. ತೊಳೆಯುವಾಗ ಸುರುಳಿಯ ಮೇಲೆ ಎಣ್ಣೆ ಹರಿಯಬಾರದು.

ಕಮ್ಯುಟೇಟರನ್ನು ನಯವಾದ ಗಾಜುಪುಡಿಯ ಉಜ್ಜುಕಾಗದದಿಂದ ಉಜ್ಜಬೇಕೇ ಹೊರತು ಎಮರಿ ಕಾಗದದಿಂದಲ್ಲ. ಎಮರಿಯ ಪುಡಿ ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತು ಕರೆಂಟಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಸಂದಿಗಳನ್ನು ಚೂಪು ಕಡ್ಡಿಯಿಂದ ಒಂದೊಂದಾಗಿ ಬಿಡಿಸಬೇಕು. ಬ್ರಷ್ಷು ತನ್ನ ಮನೆಯಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗು ಅದನ್ನು ಒತ್ತಿ ಹಿಡಿಯಬೇಕು. ಡಿಆರ್3ಎಯಲ್ಲಿ ಆ ಒತ್ತು 125ರಿಂದ 140 ಗ್ರಾಂ. ಕೊನೆಯಲ್ಲಿ ಆರ್ಮೇಚರಿನ ತುದಿಗೆ ಆನಿಸಿದ ತಿರುಪು ಬರುತ್ತದೆ. ಅದನ್ನು ತಡೆ ಸಿಗುವವರೆಗೆ ಒಳಗೆ ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ನಟ್ಟಿನಿಂದ ಭದ್ರ ಮಾಡಬೇಕು. ಆ ಕಾಲು ಸುತ್ತು ಬಿಡದಿದ್ದರೆ ಎಲ್ಲ ಸರಿಯಿದ್ದರೂ ಮೋಟರು ಬಿಸಿಯಾಗುತ್ತದೆ.

ಈ ಬಗೆಯ ಕೆಲಸ ಬಲ್ಲವರಿಗೆ ಕೆ.ಜಿ.ಎಫ್.ನಲ್ಲಿ ಹಿಂದೆ ಬರವಿರಲಿಲ್ಲ. ಗಣಿಗಳಿಗೆ ತಮ್ಮದೇ ವರ್ಕ್‌ಶಾಪುಗಳಿದ್ದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ. ಅಷ್ಟು ಆಳಕ್ಕೆ ಮನುಷ್ಯರನ್ನು ಇಳಿಸಿ ಎತ್ತುವ ಯಂತ್ರ, ಕೆಳಗಿನ ನೀರೆತ್ತುವ ಪಂಪು, ಗಾಳಿ ಕಳಿಸುವ ಫ್ಯಾನು ಇವುಗಳ ಮೋಟರು ಕೈಕೊಟ್ಟರೆ ಹೋಗುತ್ತಿದ್ದದ್ದು ಜೀವ. ಅಲ್ಲಿ ಅಳತೆ ಮಾಡಿ ನೋಡದೆ ಯಾವುದನ್ನೂ ಸರಿಯಿದೆ ಎನ್ನುವಂತಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಇಲ್ಲಿ ಭಾರೀ ಮಣ್ಣುಯಂತ್ರಗಳ ಕಾರ್ಖಾನೆ ಕಟ್ಟಿ ಇನ್ನೊಂದು ತಲೆಮಾರಿನ ಕುಶಲಿಗಳಿಗೆ ಕೆಲಸ ಕೊಟ್ಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳ ದುಡಿಮೆ ನಿಂತಿತು. ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿನ ದುಡಿಮೆಗೆ ಹೊರಟರು. ಹಿರಿಯರ ಕೈಯಲ್ಲಿದ್ದ ಕಸುಬನ್ನು ಪಕ್ಕದಲ್ಲಿ ನಿಂತು ಕಲಿಯಬೇಕಾದ ವಯಸ್ಸು ಅವರಲ್ಲಿ ಎಷ್ಟೋ ಜನಕ್ಕೆ ರೈಲಿನಲ್ಲೇ ಕಳೆಯಿತು. ಕಾರಿನ ಹಳೇ ಮೋಟರನ್ನು ಬಿಚ್ಚಿ ನೋಡುವುದಕ್ಕೂ ಈಗ ಜನ ಹುಡುಕಬೇಕಾಗಿರುವುದು ಈ ಊರಿಗಾದ ನಷ್ಟಗಳಲ್ಲಿ ಒಂದು.

ಮೋಟರು ಪಾಸಾದ ಮೇಲೆ ಸ್ವಿಚ್ಚಿನ ಸರದಿ. ಇಲ್ಲಿ ಮಲ್ಟಿಮೀಟರಿನ 'ಕುಯ್ಯ್' ಶಬ್ದವನ್ನು ನಂಬಿ ಮೋಸಹೋಗುವವರೇ ಹೆಚ್ಚು. ಆ ಶಬ್ದ ಬರಲು ಮೀಟರು ಕಳಿಸುವ ಕರೆಂಟು ತೀರಾ ಸಣ್ಣದು. ಕಪ್ಪು ಹಿಡಿದ ಕಾಂಟ್ಯಾಕ್ಟು ಅಷ್ಟನ್ನು ದಾಟಿಸುತ್ತದೆ, 3 ಆಂಪಿಯರನ್ನು ದಾಟಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಸ್ವಿಚ್ಚಿನೊಳಗೆ ಅರ್ಧ ಓಮಿನ ತಡೆ ಇದೆ ಎನ್ನಿ. 3 ಆಂಪಿಯರ್ ಹರಿಯುವಾಗ ಅಲ್ಲಿ ಒಂದೂವರೆ ವೋಲ್ಟು ಸೋರಿಹೋಗುತ್ತದೆ, ನಾಲ್ಕೂವರೆ ವ್ಯಾಟಿನಷ್ಟು ಶಾಖ ಆ ಪುಟ್ಟ ಡಬ್ಬಿಯೊಳಗೆ ಹುಟ್ಟುತ್ತದೆ. ಮೋಟರಿಗೆ ಸಿಗುವುದು ಹತ್ತೂವರೆ, ಹನ್ನೊಂದು ವೋಲ್ಟು. ಒದ್ದೆ ಗಾಜಿನ ಮೇಲೆ ಅದು ಏದುಸಿರು ಬಿಡುತ್ತದೆ. ಆಗ ಬೈಗುಳ ಬೀಳುವುದು ಮೋಟರಿಗೆ.

ಸರಿಯಾದ ಪರೀಕ್ಷೆ ಎಂದರೆ ಸ್ವಿಚ್ಚಿನ ಮೂಲಕವೇ ಮೋಟರನ್ನು ಓಡಿಸಿ, ಓಡುತ್ತಿರುವಾಗ ಸ್ವಿಚ್ಚಿನ ಎರಡು ಕಾಲುಗಳ ನಡುವೆ ವೋಲ್ಟು ಅಳೆಯುವುದು. ಸೊನ್ನೆಯ ಹತ್ತಿರ ಬಂದರೆ ಸ್ವಿಚ್ಚು ಆರೋಗ್ಯವಾಗಿದೆ. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಒಳಗೆ ಕೊಳೆಯಿದೆ. ಗುಂಡಿಯನ್ನು ಹಲವು ಸಲ ಎಳೆದು ಬಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮತ್ತೆ ಅಳೆಯಬೇಕು. ಇದೇ ಅಳತೆಯನ್ನು ಅರ್ತ್ ತಂತಿಗೂ ಮಾಡಬಹುದು, ಮಾಡಲೇಬೇಕು. ಸದ್ದು ಕೇಳದಿರಲೆಂದು ಈ ಮೋಟರುಗಳನ್ನು ರಬ್ಬರಿನ ಮೇಲೆ ಕೂರಿಸುತ್ತಾರೆ, ಹಾಗಾಗಿ ಬೋಲ್ಟಿನ ಮೂಲಕ ಅರ್ತ್ ಸಿಗುವುದಿಲ್ಲ. ಅದಕ್ಕೆಂದೇ ಒಂದು ಕಪ್ಪು ತಂತಿ ಕಾರಿನ ಲೋಹದ ಮೈಗೆ ಹೋಗುತ್ತದೆ. ಕಾರಿಗೆ ಹೊಸ ಬಣ್ಣ ಹೊಡೆಸಿದಾಗ ಆ ತಂತಿಯ ತುದಿ ಬಣ್ಣದ ಪದರದ ಮೇಲೆ ಕೂತರೆ ವೈಪರು ನಿಂತಂತೆಯೇ. ಬಣ್ಣ ಹೊಡೆಸಿ ಬಂದ ಮೇಲೆ ಮೋಟರು ಕೆಟ್ಟಿತು ಎನ್ನುವ ದೂರು ಬಂದಾಗ ಮೊದಲು ಕೆರೆಯಬೇಕಾದದ್ದು ಅಲ್ಲಿ.

ಸ್ವಿಚ್ಚು ಆಫ್ ಮಾಡಿದರೂ ವೈಪರು ಗಾಜಿನ ನಡುವೆ ನಿಲ್ಲದೆ ಬುಡಕ್ಕೆ ಹೋಗಿ ಮಲಗುತ್ತದಲ್ಲ, ಆ ಚಾತುರ್ಯವೂ ಮೋಟರಿನೊಳಗೇ ಇದೆ. ಡಿಆರ್3ಎಯಲ್ಲಿ ಇಗ್ನಿಷನ್ ಹಾಕಿದ ಕೂಡಲೇ ಹಸಿರು ತಂತಿಯಿಂದ ಮೋಟರಿಗೆ ಕರೆಂಟು ಬಂದು ನಿಂತಿರುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಕೊಡುವುದು ಅರ್ತನ್ನು. ಗೇರ್ ಪೆಟ್ಟಿಗೆಯ ಮುಚ್ಚಳದಲ್ಲಿ ಇನ್ನೊಂದು ಪುಟ್ಟ ಸ್ವಿಚ್ಚಿದೆ. ಮೇಲಿನ ಸ್ವಿಚ್ಚು ಅರ್ತ್ ಕಿತ್ತುಕೊಂಡರೂ ಇದು ಕೊಡುತ್ತಲೇ ಇರುತ್ತದೆ, ವೈಪರು ಬುಡ ಮುಟ್ಟಿದಾಗ ಮಾತ್ರ ಬಿಡುತ್ತದೆ. ಬೆಂಚಿನ ಮೇಲೆ ಸ್ವಿಚ್ಚಿನ ತಂತಿಯನ್ನು ಬೇರೆ ಬೇರೆ ಗಳಿಗೆಯಲ್ಲಿ ಕಿತ್ತು ನೋಡಬೇಕು. ಪ್ರತಿ ಸಲವೂ ಕಡ್ಡಿ ಒಂದೇ ಜಾಗದಲ್ಲಿ ನಿಂತರೆ ಸರಿ. ಕಿತ್ತ ಕ್ಷಣವೇ ನಿಂತರೆ ಒಳಗಿನ ಸ್ವಿಚ್ಚು ಅರ್ತ್ ಕೊಡುತ್ತಿಲ್ಲ. ನಿಲ್ಲುವುದೇ ಇಲ್ಲವಾದರೆ ಅದು ಬಿಡುತ್ತಿಲ್ಲ. ನಿಲ್ಲುವ ಜಾಗ ತಪ್ಪಿದ್ದರೆ ಮುಚ್ಚಳದ ತಿರುಪು ಸಡಿಲಿಸಿ ಗುಮ್ಮಟದಂತಿರುವ ಭಾಗವನ್ನು ತುಸು ಹೊರಳಿಸಿ ಸರಿಮಾಡಬಹುದು.

ಈ ಏರ್ಪಾಡು ಗೊತ್ತಿದ್ದರೆ ಮತ್ತೊಂದು ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಗುಂಡಿ ಮುಟ್ಟದಿದ್ದರೂ ಇಗ್ನಿಷನ್ ಹಾಕಿದ ತಕ್ಷಣ ವೈಪರು ಆಡತೊಡಗುವ ಕಾರುಗಳಿವೆ. ಸ್ವಿಚ್ಚಿಗೆ ಹೋಗುವ ತಂತಿಯ ಸಿಪ್ಪೆ ಎಲ್ಲೋ ಸುಲಿದು ಕಾರಿನ ಲೋಹದ ಮೈಗೆ ತಾಗಿರುತ್ತದೆ. ತಾಗಿದರೆ ಅರ್ತ್ ಸಿಕ್ಕಿತು, ಮೋಟರು ಓಡಿತು. ಹಾಗಿರುವಾಗ ಬೆಂಚಿನ ಮೇಲೆ ಮೋಟರೂ ಸ್ವಿಚ್ಚೂ ಎರಡೂ ಪಾಸಾಗುತ್ತವೆ, ಹುಡುಕಬೇಕಾದದ್ದು ನಡುವಿನ ತಂತಿಯನ್ನು.

ಬೆಂಚಿನ ಮೇಲೆ ಚೆನ್ನಾಗಿ ಓಡಿದ ಮೋಟರು ಕಾರಿನಲ್ಲಿ ಸೋಲುವುದೂ ಉಂಟು. ಆಗ ತಪ್ಪು ಕೇಬಲ್ಲಿನದು, ವೀಲ್ ಬಾಕ್ಸಿನದು. ಮೋಟರು ಕಳಚಿರುವಾಗಲೇ, ವೈಪರಿನ ಕೈಗಳನ್ನು ತೆಗೆದಿಟ್ಟು, ಕೇಬಲ್ಲಿನ ತುದಿಗೆ ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಬೇಕು. ಗುಜರಿಯವರು ಪೇಪರು ತೂಗಲು ಹಿಡಿದು ತರುವ ತಕ್ಕಡಿಯೇ ಸಾಕು. 6 ಪೌಂಡು, ಅಂದರೆ ಸುಮಾರು 2.7 ಕಿಲೋಗಿಂತ ಹೆಚ್ಚು ಎಳೆತ ಬೇಕಾದರೆ ಕೊಳವೆಯಲ್ಲಿ ತುಕ್ಕೋ ನೆಗ್ಗೋ ಇದೆ, ಇಲ್ಲವೇ ಗ್ರೀಸು ಬತ್ತಿದೆ. ಅದನ್ನು ಸರಿಮಾಡದೆ ಕೂಡಿಸಿದರೆ ರಿಪೇರಿಯಾದ ಮೋಟರು ಮತ್ತೆ ಬೆಂಚಿಗೆ ಬರುತ್ತದೆ.

ಕೆ.ಜಿ.ಎಫ್.ಗೆ ಇನ್ನೊಂದು ಕಷ್ಟ ಬೇರೆ ಊರುಗಳಿಗೆ ಇಲ್ಲದ್ದು. ಚಿನ್ನ ತೆಗೆದು ಉಳಿದ ನುಣ್ಣನೆ ಪುಡಿ ಮೂರು ಕೋಟಿ ಟನ್ನಿಗೂ ಮೇಲ್ಪಟ್ಟು ಬಿದ್ದಿದೆ. ಊರವರು ಸೈನೈಡ್ ದಿಬ್ಬ ಎನ್ನುವ ಆ ಗುಡ್ಡಗಳಿಂದ ಗಾಳಿ ಬೀಸಿದಾಗ ಬೂದು ಬಣ್ಣದ ಧೂಳೆದ್ದು ಮನೆ, ಬಟ್ಟೆ, ಅಡುಗೆ, ಕಾರು ಎಲ್ಲದರ ಮೇಲೆ ಕೂರುತ್ತದೆ. ಅದು ಅರೆದ ಕಲ್ಲಿನ ಪುಡಿ. ಗಾಜಿನ ಮೇಲೆ ಅದಿರುವಾಗ ಒಣ ವೈಪರು ಓಡಿಸಿದರೆ ಗಾಜಿನಲ್ಲಿ ಬಿಲ್ಲಿನಾಕಾರದ ಗೀರು ಉಳಿದುಬಿಡುತ್ತದೆ, ಮೋಟರಿನ ಮೇಲಿನ ಭಾರವೂ ಏರುತ್ತದೆ. ಬೇಸಿಗೆಯಲ್ಲಿ ವೈಪರು ಓಡಿಸಿ ನೋಡುವುದಿದ್ದರೆ ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದೇ ಓಡಿಸಬೇಕು. ಆ ಧೂಳು ಸ್ವಿಚ್ಚಿಗೂ ಇಳಿಯುತ್ತದೆ, ವೀಲ್ ಬಾಕ್ಸಿನ ಗ್ರೀಸಿಗೂ ಬೆರೆಯುತ್ತದೆ. ದಿಬ್ಬಗಳನ್ನು ಹಸಿರು ಹೊದಿಸಿ ಹಿಡಿದು ನಿಲ್ಲಿಸಬೇಕೆಂಬ ಊರವರ ಬೇಡಿಕೆ ಕಾರಿಗಾಗಿ ಅಲ್ಲ, ಉಸಿರಿಗಾಗಿ. ಆದರೂ ಆ ಧೂಳು ಎಲ್ಲೆಲ್ಲಿ ನುಗ್ಗುತ್ತದೆ ಎನ್ನಲು ಬಿಚ್ಚಿದ ವೀಲ್ ಬಾಕ್ಸೂ ಒಂದು ಸಾಕ್ಷಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಮೋಟರು ಸೋಲುತ್ತವೆ. ಆರ್ಮೇಚರಿನ ತಾಮ್ರಕ್ಕೂ ಅದರ ಉಕ್ಕಿನ ದಂಡಕ್ಕೂ ನಡುವೆ ಮೀಟರು ದಾರಿ ತೋರಿಸಿದರೆ ಒಳಗಿನ ಹೊದಿಕೆ ಹೋಗಿದೆ. ಗೇರಿನ ಹಲ್ಲು ಮುರಿದಿದ್ದರೆ ತೊಳೆದು ಫಲವಿಲ್ಲ. ಆಗಲೂ ಕವಚ, ಮುಚ್ಚಳ, ಬ್ರಷ್ಷಿನ ಮನೆ, ಕಡ್ಡಿ ಇವನ್ನು ಎಸೆಯಬೇಡಿ. ಇನ್ನೊಂದು ಕಾರಿನ ಅರೆಬರೆ ಮೋಟರಿಗೆ ಅವು ಜೀವ ಕೊಡುತ್ತವೆ. ಆರ್ಮೇಚರನ್ನು ಹೊಸದಾಗಿ ಸುತ್ತಿಸಲೂ ಬರುತ್ತದೆ. ಬೋರ್‌ವೆಲ್ ಪಂಪು ನೆಚ್ಚಿಕೊಂಡ ಈ ಜಿಲ್ಲೆಯಲ್ಲಿ ಮೋಟರು ಸುತ್ತುವ ಕೈಗಳಿಗೆ ಕೊರತೆಯಿಲ್ಲ.

ಹಳೇ ಕಾರು ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಆಗಸ್ಟ್ ಮುಗಿಯುವುದರೊಳಗೆ ವೈಪರ್ ಮೋಟರನ್ನೂ ಸ್ವಿಚ್ಚನ್ನೂ ಒಮ್ಮೆ ಬೆಂಚಿಗೆ ತನ್ನಿ. ಎಷ್ಟು ಆಂಪಿಯರ್, ನಿಮಿಷಕ್ಕೆ ಎಷ್ಟು ಸುತ್ತು, ಸ್ವಿಚ್ಚಿನಲ್ಲಿ ಎಷ್ಟು ವೋಲ್ಟು ಸೋರಿತು ಎಂಬ ಮೂರು ಅಂಕೆಗಳನ್ನು ತಾರೀಖಿನ ಜೊತೆ ಒಂದು ರಟ್ಟಿನ ಮೇಲೆ ಬರೆದು ಕಾರಿನ ಕಾಗದಗಳ ಜೊತೆ ಇಡಿ. ಮುಂದಿನ ವರ್ಷ ಅದೇ ಅಂಕೆ ಬಂದರೆ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ. ಈ ಕೆಲಸ ಮಾಡುವಾಗ ಮನೆಯಲ್ಲೋ ನೆರೆಯಲ್ಲೋ ಐಟಿಐ ಓದುವ ಹುಡುಗ ಹುಡುಗಿಯರಿದ್ದರೆ ಅವರನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳಿ, ಮೀಟರನ್ನು ಅವರ ಕೈಗೆ ಕೊಡಿ. ಒಂದು ಬ್ಯಾಟರಿ, ಒಂದು ಬಲ್ಬು, ಅರ್ಧ ದಿನದ ಬಿಡುವು ಇದ್ದರೆ ಅವರು ಇದನ್ನು ಕಲಿಯಬಲ್ಲರು.